ಇಲ್ಲಿಡನ್‌ಗೆ ಟಿರಾಂಡೆ ಮೇಲಿದ್ದದ್ದು ಪ್ರೀತಿನಾ, ಹಟನಾ?

ರಾತ್ರಿಪಾಳಿ
ವಾರ್‌ಕ್ರಾಫ್ಟ್ 3 ಅನ್ನೋ ಕಂಪ್ಯೂಟರ್ ಯುದ್ಧದಾಟದಲ್ಲಿ ನೈಟ್ ಎಲ್ಫ್ ಅನ್ನೋ ಕಾಡುಜನರ ಕ್ಯಾಂಪೇನ್ (ಕಥೆಯ ಭಾಗ) ಮತ್ತೆ ಆಡ್ತಾ ಇದ್ದೀನಿ. ಕಾಲೇಜಲ್ಲಿದ್ದಾಗ ಕಟ್‌ಸೀನ್ ಬಂದ ಕೂಡಲೇ ಎಸ್ಕೇಪ್ ಒತ್ತಿ ಮುಂದೆ ಹೋಗ್ತಿದ್ದೆ. ಈಗ ಪೂರ್ತಿ ಕೇಳಿಸ್ಕೊಂಡರೆ ತಲೆ ಕೆಡ್ತಿದೆ.

ಆಡದೇ ಇರೋರಿಗೆ ಕಥೆ ಚುಟುಕಾಗಿ: ಇಲ್ಲಿಡನ್, ಮಾಲ್ಫ್ಯೂರಿಯನ್ ಅವಳಿ ಮಕ್ಕಳು. ಟಿರಾಂಡೆ ಇಬ್ಬರಿಗೂ ಚಿಕ್ಕಂದಿನ ಗೆಳತಿ, ಇಬ್ಬರಿಗೂ ಅವಳ ಮೇಲೆ ಮನಸ್ಸು. ಅವಳು ಒಪ್ಪಿದ್ದು ಮಾಲ್ಫ್ಯೂರಿಯನ್‌ನ. ಬರ್ನಿಂಗ್ ಲೀಜನ್ ಅನ್ನೋ ರಾಕ್ಷಸ ಸೈನ್ಯ ದಂಡೆತ್ತಿ ಬಂದಾಗ ಇಲ್ಲಿಡನ್ ಆ ಕಡೆ ಸೇರ್ಕೊಂಡು, ಅದರ ಒಡೆಯ ಸಾರ್ಗೆರಸ್ ಕೈಲಿ ಕಣ್ಣು ಸುಡಿಸ್ಕೊಂಡ. ಯುದ್ಧ ಮುಗಿದ ಮೇಲೆ ಮಾಯಾಶಕ್ತಿ ಕೊಡೋ ಹಳೇ ಬಾವಿಯಿಂದ ಕದ್ದಿಟ್ಟಿದ್ದ ನೀರಿಂದ ಹೈಜಲ್ ಬೆಟ್ಟದ ಮೇಲೆ ಹೊಸ ಬಾವಿ ಮಾಡಿದ. ಶಿಕ್ಷೆ, ಹತ್ತು ಸಾವಿರ ವರ್ಷ ನೆಲದಡಿ ಸೆರೆ. ಕೊನೆಗೆ ಅವನನ್ನ ಬಿಡಿಸೋಳು ಟಿರಾಂಡೆನೇ. ಹೊರಗೆ ಬಂದವನು ಗುಲ್ದಾನ್ ಅನ್ನೋ ಸತ್ತ ಮಾಂತ್ರಿಕನ ತಲೆಬುರುಡೆ ಶಕ್ತಿ ಹೀರಿ ಕೊಂಬು, ರೆಕ್ಕೆ, ಗೊರಸು ಬೆಳೆಸ್ಕೊಂಡು ಅರೆರಾಕ್ಷಸ ಆಗ್ತಾನೆ.

ಸೆರೆಮನೆಯಲ್ಲಿ ಅವಳ ದನಿ ಕೇಳಿ ಅವನು ಕರಗೋ ರೀತಿ ನೋಡಿದರೆ ಪ್ರೀತಿ ಅನ್ಸುತ್ತೆ. ಅದಾದ್ಮೇಲೆ ಮಾಡೋ ಒಂದೊಂದು ಕೆಲಸ ನೋಡಿದರೆ 'ನಾನ್ಯಾರು ಅಂತ ತೋರಿಸ್ತೀನಿ ಇರು' ಅನ್ನೋ ಹಟ. ನಿಮಗೇನನ್ಸುತ್ತೆ? ವಾವ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಇದೇ ಕಥೆ ಮುಂದುವರಿಯೋ ಆನ್‌ಲೈನ್ ಆಟ) ಆಡಿದವರು ಅದರ ಲೀಜನ್ ಎಕ್ಸ್‌ಪ್ಯಾನ್ಷನ್ ತನಕ ಮಾತಾಡಬಹುದು, 2016ರ ಕಥೆಗೆ ಇನ್ನೆಂಥ ಸ್ಪಾಯ್ಲರ್.

ಕೆಫೆ_ಕಿಟ್ಟಿ
ಪ್ರೀತಿ. ಮುಗೀತು. ಮುಂದಿನ ಟಾಪಿಕ್ ಹಾಕಪ್ಪ.

ಸಂಜೆಮಲ್ಲಿಗೆ
ಹಟ. 'ಬೇಡ' ಅಂದ ಹುಡುಗಿ ಹಿಂದೆ ಹತ್ತು ಸಾವಿರ ವರ್ಷ ಮನಸ್ಸು ಸುತ್ತಿಸೋದನ್ನ ಪ್ರೀತಿ ಅಂತ ಕರೆಯೋ ಅಭ್ಯಾಸ ನಮ್ಮ ಸಿನಿಮಾಗಳಿಂದ ಬಂದಿದ್ದು. ರೆಕ್ಕೆ ಇದೆ ಅಂತ ಮಾಫಿ ಮಾಡಬೇಕಾ?

ಹುಬ್ಬಳ್ಳಿ_ಗಿರ್ಮಿಟ್
ಅಕ್ಕಾರ, ತಡೀರಿ ಸ್ವಲ್ಪ. ಅಂವ ಅಕಿ ಹಿಂದ ಎಲ್ಲಿ ಬಿದ್ದಾನ? ಜೇಲಿನಾಗ ಇದ್ದ ಪಾಪ. ಬಿಡಸಾಕ ಬಂದಾಕಿ ಅಕಿನ. ಬಿಡಿಸಿದ ಮ್ಯಾಲೂ 'ನಿನ್ನ ಮ್ಯಾಲ ಒಂದು ಕಾಲಕ್ಕ ಅಕ್ಕರಾಸ್ತೆ ಇತ್ತು, ಅದಕ್ಕ ರಾಕ್ಷಸರನ್ನ ಹೊಡೀತೀನಿ, ಆದ್ರ ನಿಮ್ಮ ಜನರದ್ದು ನನ್ನ ಮ್ಯಾಲ ಏನೂ ಋಣ ಇಲ್ಲ' ಅನ್ನೂ ಅರ್ಥದಾಗ ಹೇಳಿ ಹೊಂಟು ಬಿಡ್ತಾನ. ಬೆನ್ನ ಹತ್ತಾವ ಹಿಂಗ ಮಾತಾಡಂಗಿಲ್ರಿ.

ಸಂಜೆಮಲ್ಲಿಗೆ
'ನಿನಗೋಸ್ಕರ ಮಾಡ್ತೀನಿ, ಋಣ ಮಾತ್ರ ಇಲ್ಲ.' ಈ ಥರ ಮಾತಾಡೋರು ಆಮೇಲೆ ಲೆಕ್ಕ ಕೊಡ್ತಾರೆ ನೋಡಿ, ನಂಗೊತ್ತು.

ಲೋರ್_ಮಾಸ್ತರ
ಮೊದಲು ಕೆಲವು ತಿದ್ದುಪಡಿ.

ಇಲ್ಲಿಡನ್ ಹುಟ್ಟಿನಿಂದ ಅರೆರಾಕ್ಷಸ ಅಲ್ಲ. ಹಾಗೆ ಹುಟ್ಟಿದವನು ಬೇಕಿದ್ದರೆ ನಮ್ಮ ಘಟೋತ್ಕಚ. ಇಲ್ಲಿಡನ್ ಪಕ್ಕಾ ನೈಟ್ ಎಲ್ಫ್, ಅದರಲ್ಲೂ ಚಿನ್ನದ ಬಣ್ಣದ ಕಣ್ಣಿಟ್ಟುಕೊಂಡು ಹುಟ್ಟಿದವನು. ಆ ಕಾಲದಲ್ಲಿ ಆ ಕಣ್ಣು ಅಂದರೆ ಮಹಾಪುರುಷನ ಲಕ್ಷಣ. ಹುಟ್ಟಿದಾಗಿಂದ 'ನೀನು ದೊಡ್ಡವನಾಗ್ತೀಯ' ಅಂತ ಕೇಳಿಸ್ಕೊಂಡು ಬೆಳೆದ. ಆದರೆ ಸೆನಾರಿಯಸ್ ಅನ್ನೋ ಕಾಡುದೇವರ ಹತ್ತಿರ ಡ್ರುಯಿಡ್ ವಿದ್ಯೆ, ಅಂದರೆ ಪ್ರಕೃತಿಶಕ್ತಿಯ ವಿದ್ಯೆ ಕಲಿಯೋಕೆ ಹೋದಾಗ ಮಿಂಚಿದ್ದು ಮಾಲ್ಫ್ಯೂರಿಯನ್. ಇವನಿಗೆ ಒಲಿದದ್ದು ಮಂತ್ರವಿದ್ಯೆ. ಟಿರಾಂಡೆ ವಿಷಯ ಬರೋದು ಇದಾದ ಮೇಲೆ. ಅಂದರೆ ಅವಳು ಕೈತಪ್ಪಿದ್ದು ಅವನಿಗೆ ಮೊದಲನೇ ಸೋಲಲ್ಲ, ಅಣ್ಣನ ಎದುರು ಎರಡನೇ ಸೋಲು.

ಲೀಜನ್ ಕಡೆ ಸೇರಿದ್ದರ ಬಗ್ಗೆಯೂ ಒಂದು ಮಾತು. ಝೇವಿಯಸ್ ಅನ್ನೋ ಸ್ಯಾಟಿರ್ (ಮೇಕೆಕಾಲಿನ ರಾಕ್ಷಸ) ಅವನ ಹೊಟ್ಟೆಕಿಚ್ಚಿಗೆ ತಿದಿ ಊದಿದ್ದು ನಿಜ. ಆದರೆ ಇಲ್ಲಿಡನ್ ಲೆಕ್ಕ ಬೇರೆ ಇತ್ತು: ಒಳಗೆ ಹೋಗಿ ಶತ್ರುವಿನ ಗುಟ್ಟು ತಿಳ್ಕೊಂಡು ಬರ್ತೀನಿ ಅಂತ. ಏಳು ಸೀಸೆ ನೀರು ತುಂಬಿಸಿಟ್ಟಿದ್ದು, ಲೀಜನ್ ಮತ್ತೆ ಬಂದೇ ಬರುತ್ತೆ, ಆಗ ಮಾಯಾಶಕ್ತಿ ಇಲ್ಲದೆ ನಾವು ಏನು ಮಾಡೋದು ಅನ್ನೋ ಭಯದಿಂದ. ಬಂತಲ್ಲ ಲೀಜನ್, ಅವನು ಹೇಳಿದ ಹಾಗೇ.

ಕೆಫೆ_ಕಿಟ್ಟಿ
ಮಾಸ್ತರು ಬಂದ್ರು, ಎಲ್ಲ ನೋಟ್ಸ್ ತೆಗೀರಿ.

ಕುಡ್ಲದ_ಕೋಸ್ಟಲ್
ಎಂತ ಮಾರಾಯ್ರೆ, ಪ್ರೀತಿಯೋ ಹಟವೋ ಅಂತ ಕೇಳಿದ್ರೆ ಅವ ಬರುವ ಗತ್ತು ನೋಡ್ಬೇಕಲ್ಲ ಮೊದಲು. ಬುರುಡೆ ತಗೊಂಡ ಮೇಲೆ ಅವನ ಪ್ರವೇಶ ಉಂಟಲ್ಲ, ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರ ಹಾಕಿ ರಂಗಕ್ಕೆ ಬಂದ ಹಾಗೆ. ನನಗೆ ಅಲ್ಲಿಗೇ ಸಾಕು, ಹುಡುಗಿ ವಿಷಯ ಯಾರಿಗೆ ಬೇಕು.

ರಾತ್ರಿಪಾಳಿ
@ಕುಡ್ಲದ_ಕೋಸ್ಟಲ್ ನಮಗೆ ಬೇಕು ಸ್ವಾಮಿ, ಥ್ರೆಡ್ಡೇ ಅದರ ಮೇಲೆ ಇರೋದು 😄

ಲ್ಯಾಡರ್_ಲಿಂಗ
ಕಥೆ ಬಿಡಿ, ಆಟದ ಒಳಗೇ ಇರೋ ಒಂದು ವಿಷಯ ಹೇಳ್ತೀನಿ, ಇದನ್ನ ಯಾರೂ ಗಮನಿಸಲ್ಲ.

ಮಲ್ಟಿಪ್ಲೇಯರ್‌ನಲ್ಲಿ ಡೀಮನ್ ಹಂಟರ್ ಹೀರೋಗೆ (ಇಲ್ಲಿಡನ್ ಥರದ ರಾಕ್ಷಸ ಬೇಟೆಗಾರ) ನಾಲ್ಕು ವಿದ್ಯೆ: ಮಾನಾ ಬರ್ನ್, ಇಮೊಲೇಷನ್, ಇವೇಷನ್, ಲೆವೆಲ್ ಆರಕ್ಕೆ ಮೆಟಮಾರ್ಫಸಿಸ್. ಮೆಟಮಾರ್ಫಸಿಸ್ ಒತ್ತಿದರೆ ರಾಕ್ಷಸ ರೂಪ ಬರುತ್ತೆ, ದೂರದಿಂದ ಹೊಡೀತಾನೆ, 60 ಸೆಕೆಂಡ್ ಆದ್ಮೇಲೆ ತಾನಾಗೇ ಎಲ್ಫ್ ಆಗಿ ವಾಪಸ್ಸು. ಅಂದರೆ ಎಲ್ಲ ಡೀಮನ್ ಹಂಟರ್‌ಗಳಿಗೂ ರಾಕ್ಷಸತನ ಒಂದು ನಿಮಿಷದ ಬಾಡಿಗೆ. ಕ್ಯಾಂಪೇನ್‌ನಲ್ಲಿ ಫೆಲ್‌ವುಡ್ ಅನ್ನೋ ಕೊಳೆತ ಕಾಡಿನ ಮಿಷನ್ ಬರುತ್ತಲ್ಲ, ಅಲ್ಲಿ ಬುರುಡೆ ಹೀರಿದ ಮೇಲೆ ಟೈಮರ್ ಇಲ್ಲ. ವಾಪಸ್ ಬರೋ ಬಟನ್ ಇಲ್ಲ. ಇವನೊಬ್ಬನಿಗೆ ಮಾತ್ರ ಅದು ಖಾಯಂ.

ಇನ್ನೊಂದು. ಆ ಬುರುಡೆ ಇರೋ ಜಾಗಕ್ಕೆ ಅವನನ್ನ ನಡೆಸ್ಕೊಂಡು ಹೋಗೋದು ಯಾರು? ನಾವೇ. ಮ್ಯಾಪಲ್ಲಿ ರೈಟ್ ಕ್ಲಿಕ್ ಮಾಡಿ, ದಾರಿಲಿರೋ ಸತ್ತ ಸೈನ್ಯನೆಲ್ಲ ಕಡಿದು, ಬಾಗಿಲು ಒಡೆದು. ಅಷ್ಟೊತ್ತಿಗೆ ಸತ್ತ ಸೈನ್ಯದ ನಾಯಕ ಆರ್ಥಸ್ ಬಂದು ಪುಸಲಾಯಿಸಿರ್ತಾನೆ. ಆರ್ಥಸ್‌ಗೆ ಬೇಕಿದ್ದದ್ದು ಲೀಜನ್ ಸೇನಾಧಿಪತಿಗಳಲ್ಲಿ ಒಬ್ಬನಾದ ಟಿಕಾಂಡ್ರಿಯಸ್ ಸಾಯೋದು ಅಷ್ಟೇ, ಇವನು ಏನಾದರೂ ಆಗಲಿ. ಬುರುಡೆ ಹೋದರೆ ಕಾಡು ಕೊಳೆಯೋದು ನಿಲ್ಲುತ್ತೆ ಅನ್ನೋದು ಇಲ್ಲಿಡನ್‌ಗೆ ಸಿಕ್ಕ ಒಳ್ಳೆ ನೆಪ. ಟಿಕಾಂಡ್ರಿಯಸ್‌ನ ಹೊಡೆದು ಹಾಕಿ, ಕೆಲಸ ಮುಗಿಸ್ಕೊಂಡು ತಿರುಗಿ ನೋಡಿದರೆ ಅಣ್ಣ, ಟಿರಾಂಡೆ ನಿಂತಿದ್ದಾರೆ. ಅವರಿಗೆ ಇವನ ಗುರುತೇ ಸಿಗಲ್ಲ. ಗೆದ್ದ ಖುಷಿ ಅರ್ಧ ನಿಮಿಷ ಇರಲ್ಲ, ಗಡಿಪಾರು.

ಇದರಲ್ಲಿ ಹಟನೂ ಇದೆ, ಪ್ರೀತಿನೂ ಇದೆ. ಬೇರೆ ಮಾಡೋಕೆ ಹೋಗೋದೇ ತಪ್ಪು.

ಸಂಜೆಮಲ್ಲಿಗೆ
ಬಾಡಿಗೆ, ಖಾಯಂ ಪಾಯಿಂಟ್ ಚೆನ್ನಾಗಿದೆ, ಒಪ್ಪಿದೆ. ಆದರೂ ಬುರುಡೆ ತಗೊಂಡಿದ್ದು ಅವಳಿಗೋಸ್ಕರ ಅಂತ ಯಾರೂ ಕಥೆ ಕಟ್ಟಬೇಡಿ. ಶಕ್ತಿ ಮೇಲಿನ ಆಸೆ ಅದು. ಟಿರಾಂಡೆನೇ ಅಲ್ಲಿ ಹೇಳ್ತಾಳೆ, ಆತ್ಮ ಮಾರ್ಕೊಂಡೆ ಅಂತ.

ಹುಬ್ಬಳ್ಳಿ_ಗಿರ್ಮಿಟ್
ಅಣ್ಣ ಅನ್ನಾಂವ ಒಂದ್ ಸಲ ಕುಂತು ಕೇಳಬೇಕಿತ್ತೋ ಇಲ್ಲೋ? 'ಯಾಕ ಮಾಡ್ದಿ ತಮ್ಮಾ' ಅಂತ. ಸೀದಾ ಊರ ಬಿಟ್ಟ ಹೋಗು ಅಂದ. ಇಂವ 'ಆತು, ಹಂಗ ಆಗ್ಲಿ' ಅಂದು ಹೊಂಟ. ನಂಗ ಆ ಸೀನ್ ನೋಡಿದ್ರ ಇವತ್ತಿಗೂ ಮಾಲ್ಫ್ಯೂರಿಯನ್ ಮ್ಯಾಲ ಸಿಟ್ಟ ಬರ್ತೈತಿ.

ಲೋರ್_ಮಾಸ್ತರ
ಮಾಲ್ಫ್ಯೂರಿಯನ್ ಬಿಡಿಸೋದೇ ಬೇಡ ಅಂದಿದ್ದ, ನೆನಪಿರಲಿ. ಅವನು ತಡೆದಾಗ ಟಿರಾಂಡೆ, ದೇವಿ ಒಬ್ಬಳನ್ನ ಬಿಟ್ಟು ನನ್ನನ್ನ ತಡೆಯೋರು ಯಾರೂ ಇಲ್ಲ ಅಂದು ಹೋದವಳು. ಆ ಮಾತು ಹೇಳಿ ತಂದ ಅಸ್ತ್ರ ಕೊನೆಗೆ ಹೀಗೆ ತಿರುಗಿತು ಅಂದಾಗ ಅವಳು ಮಾಲ್ಫ್ಯೂರಿಯನ್ ಎದುರು ಏನು ಮಾತಾಡೋಕಾಗುತ್ತೆ?

ಕನ್ನಡ_ಎಂಎ
ಈ ಆಟ ನಾನು ಆಡಿಲ್ಲ, ತಮ್ಮ ಆಡ್ತಾನೆ, ಪಕ್ಕದಲ್ಲಿ ಕೂತು ನೋಡಿದ್ದೀನಿ. ಓದ್ತಾ ಹೋದಂಗೆ ನಾಗಚಂದ್ರನ ರಾವಣ ನೆನಪಾದ. ಪಂಪರಾಮಾಯಣದಲ್ಲಿ ರಾವಣ ದುಷ್ಟ ಅಲ್ಲ. ವ್ರತ ಇಟ್ಟುಕೊಂಡವನು, ಒಪ್ಪದ ಹೆಣ್ಣನ್ನ ಮುಟ್ಟಲ್ಲ ಅನ್ನೋನು. ಸೀತೆ ಮೂರ್ಛೆ ಹೋದಾಗ ಅವನ ಮನಸ್ಸೇ ತಿರುಗುತ್ತೆ, ಬಿಟ್ಟು ಬಿಡೋಣ ಅನ್ಸುತ್ತೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಅಂತಾರೆ, ಅದಕ್ಕೆ ರಾಮಲಕ್ಷ್ಮಣರನ್ನ ಗೆದ್ದು ಆಮೇಲೆ ಒಪ್ಪಿಸ್ತೀನಿ ಅಂತ ಹೊರಡ್ತಾನೆ. ಕಾಲ ಬಂದರೆ ಸಮುದ್ರವೂ ಒಮ್ಮೆ ಮೇರೆ ದಾಟಲ್ವಾ ಅಂತ ಕವಿ ಅವನ ಪರವಾಗಿ ಮಾತಾಡ್ತಾನೆ. ಬಿಎಂಶ್ರೀ ಅವನನ್ನ ದುರಂತ ನಾಯಕ ಅಂತ ಓದಿದ್ದು ಅದಕ್ಕೇ.

ಇಲ್ಲಿಡನ್‌ದೂ ಅದೇ ರೋಗ. ಸರಿಯಾದ ಕೆಲಸ ಮಾಡೋಕೆ ಮನಸ್ಸಿದೆ, ಆದರೆ ಮೊದಲು ಗೆಲ್ಲಬೇಕು, ಎಲ್ಲರೂ ನೋಡಬೇಕು. ಆ 'ಮೊದಲು' ಅನ್ನೋದೇ ಕೊಲ್ಲುತ್ತೆ.

ಕೆಫೆ_ಕಿಟ್ಟಿ
ಗೇಮಿಂಗ್ ಥ್ರೆಡ್‌ಗೆ ಹಳಗನ್ನಡ ಬಂತು ಗುರೂ, ಓಡ್ರೋ.

ಸಂಜೆಮಲ್ಲಿಗೆ
@ಕನ್ನಡ_ಎಂಎ ಹೋಲಿಕೆ ಚೆನ್ನಾಗಿದೆ. ಆದರೆ ನಾಗಚಂದ್ರನಲ್ಲೂ ಸೀತೆ ಏನಂದುಕೊಂಡಳು ಅಂತ ಯಾರು ಪರೀಕ್ಷೆಯಲ್ಲಿ ಕೇಳ್ತಾರೆ? ಎಲ್ಲರೂ ರಾವಣನ ಪಾತ್ರಚಿತ್ರಣ ಬರೀರಿ ಅಂತಾರೆ. ಇಲ್ಲೂ ಹಾಗೇ ಆಗ್ತಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಟಿರಾಂಡೆ ಯಾರು? ಎಲೂನ್ ದೇವಿಯ ಪ್ರಧಾನ ಅರ್ಚಕಿ, ಸೆಂಟಿನಲ್ ಪಡೆಯ ದಂಡನಾಯಕಿ. ಯುದ್ಧ ಮುಗಿದ ಮೇಲೆ ಮಾಲ್ಫ್ಯೂರಿಯನ್ ಮತ್ತು ಮಿಕ್ಕ ಡ್ರುಯಿಡ್‌ಗಳೆಲ್ಲ ಎಮರಾಲ್ಡ್ ಡ್ರೀಮ್ ಅನ್ನೋ ಕನಸಿನ ಲೋಕದಲ್ಲಿ ಮಲಗಿಬಿಟ್ಟರು. ಶತಮಾನಗಟ್ಟಲೆ ಕಾಡು ಕಾದಿದ್ದು, ರಾಜ್ಯ ನೋಡ್ಕೊಂಡಿದ್ದು ಇವಳು ಮತ್ತು ಇವಳ ಹೆಂಗಸರು. ಅಂದರೆ ಪ್ರೀತಿಸಿದವನು ಇದ್ದೂ ಇಲ್ಲದ ಹಾಗೆ, ಪ್ರೀತಿಸ್ತೀನಿ ಅಂದವನು ಜೈಲಲ್ಲಿ. 'ಪಾಪ ಇಲ್ಲಿಡನ್ ಒಂಟಿ' ಅನ್ನೋರು ಅವಳ ಒಂಟಿತನಕ್ಕೆ ಒಂದು ಸಾಲಾದರೂ ಬರೆದಿದ್ದೀರಾ?

ಅವನನ್ನ ಬಿಡಿಸಿದ್ದು ಹಳೇ ಸಲುಗೆಗಲ್ಲ, ಲೀಜನ್ ಬಾಗಿಲಿಗೆ ಬಂದಿತ್ತು, ರಾಕ್ಷಸರನ್ನ ಬೇಟೆಯಾಡೋನು ಬೇಕಿತ್ತು. ಅದಕ್ಕೆ ಅವಳು ಕೊಟ್ಟ ಬೆಲೆ, ಜೈಲಿನ ಕಾವಲಿಗಿದ್ದ ತನ್ನದೇ ಜನರ ರಕ್ತ. ಅವರನ್ನ ಕೊಂದು ಒಳಗೆ ಹೋದಳು. ಜೈಲಿನ ಮುಖ್ಯ ಕಾವಲುಗಾತಿ ಮೇಯೆವ್‌ಗೆ ಅವಳ ಮೇಲಿರೋ ಕೆಂಡದಂಥ ಸಿಟ್ಟು ಅಲ್ಲಿಂದ ಶುರು. ಹೈಜಲ್ ಬೆಟ್ಟದ ಕೊನೆ ಯುದ್ಧದಲ್ಲಿ ಲೀಜನ್ ದಂಡನಾಯಕ ಆರ್ಕಿಮಾಂಡ್‌ನ ಕೊಲ್ಲೋಕೆ ಇಡೀ ಕುಲದ ಅಮರತ್ವ ಬಿಟ್ಟುಕೊಟ್ಟವರಲ್ಲಿ ಅವಳೂ ಒಬ್ಬಳು. ಅದಾಗಿ 2018ರ ವಾವ್ ಎಕ್ಸ್‌ಪ್ಯಾನ್ಷನ್‌ನಲ್ಲಿ ಊರನ್ನೇ ಹೊತ್ತಿದ್ದ ಟೆಲ್‌ಡ್ರಾಸಿಲ್ ಮರ ಸುಟ್ಟು ಹೋದಾಗ ಊರೂ ಹೋಯ್ತು. ಇಷ್ಟೆಲ್ಲ ಇರೋ ಪಾತ್ರವನ್ನ 'ಇಲ್ಲಿಡನ್ ಕ್ರಶ್' ಅಂತ ಕರೆಯೋದು ನೋಡಿದರೆ ನಗು ಬರುತ್ತೆ.

ಲ್ಯಾಡರ್_ಲಿಂಗ
ಇದಕ್ಕೆ ಎದುರು ಮಾತಾಡೋ ಧೈರ್ಯ ನಂಗಿಲ್ಲ.

ಕುಡ್ಲದ_ಕೋಸ್ಟಲ್
ನನಗೂ ಇಲ್ಲ. ಆದ್ರೆ ಒಂದು ಪ್ರಶ್ನೆ, ಮೆಲ್ಲ ಕೇಳ್ತೇನೆ: ಅವಳು ಒಮ್ಮೆಯಾದ್ರೂ ಜೈಲಿಗೆ ಹೋಗಿ ನೋಡಿ ಬರ್ಲಿಕ್ಕೆ ಆಗ್ತಿರ್ಲಿಲ್ವಾ?

ಸಂಜೆಮಲ್ಲಿಗೆ
ಯಾಕೆ ಹೋಗಬೇಕು ಅಣ್ಣ?

ಕುಡ್ಲದ_ಕೋಸ್ಟಲ್
ಸರಿ, ಆಯ್ತು, ನಾನು ಕೇಳಲೇ ಇಲ್ಲ.

ಮುಸ್ಸಂಜೆ_ಎಂಜಿನಿಯರ್
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನನಗೆ ಈ ಕಥೆಯಲ್ಲಿ ಕಾಡೋದು ಕಾಲದ ಲೆಕ್ಕ.

ಟಿರಾಂಡೆಗೆ ಹತ್ತು ಸಾವಿರ ವರ್ಷ ಅಂದರೆ ನಿಜವಾಗಲೂ ಹತ್ತು ಸಾವಿರ ವರ್ಷ. ಯುದ್ಧ ಮಾಡಿದಳು, ಆಳಿದಳು, ಪೂಜೆ ಮಾಡಿದಳು, ಕಾದಳು, ಬೇರೆಯವಳೇ ಆದಳು. ಇಲ್ಲಿಡನ್‌ಗೆ? ಕತ್ತಲು, ಕಾವಲು, ಅಷ್ಟೇ. ಹೊಸದು ಏನೂ ನಡೆದೇ ಇಲ್ಲ. ಮರೆಯೋಕೆ ಮಧ್ಯದಲ್ಲಿ ಬೇರೆ ಏನಾದರೂ ಆಗಬೇಕಲ್ಲ? ಅವನ ಮಟ್ಟಿಗೆ ಅವಳು 'ಇಲ್ಲ' ಅಂದಿದ್ದು ನಿನ್ನೆ. ಬಾಗಿಲು ತೆಗೆದು ಅವಳು ಮಾತಾಡಿದಾಗ ಅವಳು ಮಾತಾಡಿಸಿದ್ದು ಹಳೇ ಖೈದಿಯನ್ನ; ಅವನು ಕೇಳಿಸ್ಕೊಂಡಿದ್ದು ನಿನ್ನೆಯ ಹುಡುಗಿಯನ್ನ. ಅದರ ಮೇಲೆ ಅವನಿಗೆ ಕಣ್ಣೂ ಇಲ್ಲ. ಸಾರ್ಗೆರಸ್ ಕೊಟ್ಟ ದೃಷ್ಟಿಯಲ್ಲಿ ಮಾಯಾಶಕ್ತಿ ಕಾಣುತ್ತೆ, ರಾಕ್ಷಸರು ಕಾಣ್ತಾರೆ, ಅವಳ ಮುಖ ಬದಲಾಗಿದೆ ಅನ್ನೋದು ಕಾಣಲ್ಲ.

ಪ್ರೀತಿನಾ ಹಟನಾ ಅಂದರೆ, ನನ್ನ ಪ್ರಕಾರ ಹಳಸಿದ ಪ್ರೀತಿ. ಹಳಸಿದೆ ಅಂತ ಅವನಿಗೆ ಹೇಳೋರು ಯಾರೂ ಇರಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಯಪ್ಪಾ. ಎಂಜಿನಿಯರ್ ಸಾಹೇಬ್ರ, ಕಣ್ಣಾಗ ನೀರ ತರಿಸಿದ್ರಿ ಮುಂಜಾನೆ ಮುಂಜಾನೆ.

ಲೋರ್_ಮಾಸ್ತರ
ಚೆನ್ನಾಗಿ ಹೇಳಿದಿರಿ. ಆದರೆ ಫ್ರೋಜನ್ ಥ್ರೋನ್ ಬಿಟ್ಟು ಈ ಚರ್ಚೆ ಪೂರ್ತಿ ಆಗಲ್ಲ. ವಾರ್‌ಕ್ರಾಫ್ಟ್ 3ಕ್ಕೆ 2003ರಲ್ಲಿ ಬಂದ ಎಕ್ಸ್‌ಪ್ಯಾನ್ಷನ್. ಅಲ್ಲಿ ಅವನ ಪ್ರೀತಿಗೆ ಒಂದು ಪರೀಕ್ಷೆ ಇಟ್ಟಿದ್ದಾರೆ, ಅವನು ಪಾಸಾಗಿದ್ದಾನೆ ಅಂತ ನನ್ನ ವಾದ.

ಲೀಜನ್‌ನ ಇನ್ನೊಬ್ಬ ನಾಯಕ ಕಿಲ್‌ಜೇಡನ್ ಹೇಳಿದ ಮೇಲೆ ಇಲ್ಲಿಡನ್ ಸಾರ್ಗೆರಸ್‌ನ ಗೋರಿಯಿಂದ 'ಐ ಆಫ್ ಸಾರ್ಗೆರಸ್' ತಗೊಂಡು ಡಲಾರಾನ್ ಅವಶೇಷದಲ್ಲಿ ಕೂತು ದೂರದ ಐಸ್‌ಕ್ರೌನ್ ಕರಗಿಸೋ ಮಂತ್ರ ಹಾಕ್ತಿರ್ತಾನೆ. ಗುರಿ ಅಲ್ಲಿರೋ ಲಿಚ್ ಕಿಂಗ್, ಸತ್ತ ಸೈನ್ಯದ ಒಡೆಯ. ಅದೇ ಹೊತ್ತಿಗೆ ಟಿರಾಂಡೆ, ಎಲ್ಫ್ ರಾಜಕುಮಾರ ಕೇಲ್‌ಥಾಸ್‌ನ ಜನ ದಾಟಲಿ ಅಂತ ಸೇತುವೆ ಮೇಲೆ ಒಬ್ಬಳೇ ನಿಂತು ಸತ್ತ ಸೈನ್ಯವನ್ನ ತಡೀತಾಳೆ. ಸೇತುವೆ ಕುಸಿದು ಹೊಳೆ ಪಾಲು. ಮೇಯೆವ್ ಹುಡುಕೋಕೆ ಬಿಡಲ್ಲ. ಮಾಲ್ಫ್ಯೂರಿಯನ್‌ಗೆ ಹೋಗಿ ಹೇಳ್ತಾಳೆ, ಸತ್ತಳು, ಸೀಳಿ ಹಾಕಿದರು ಅಂತ. ಹಸೀ ಸುಳ್ಳು.

ಅಣ್ಣ ಬಂದು ಮಂತ್ರ ನಿಲ್ಲಿಸಿ ಇವನನ್ನ ಹಿಡೀತಾನೆ. ಅಷ್ಟರಲ್ಲಿ ಕೇಲ್‌ಥಾಸ್ ಬಾಯಿಂದ ಅವಳು ಬದುಕಿರಬಹುದು ಅನ್ನೋದು ಹೊರಬೀಳುತ್ತೆ. ಮಾಲ್ಫ್ಯೂರಿಯನ್ ಮೇಯೆವ್‌ನ ಬಳ್ಳಿಯಲ್ಲಿ ಬಿಗಿದು ನಿಲ್ಲಿಸ್ತಾನೆ. ಆಗ ಇಲ್ಲಿಡನ್, ನನ್ನ ನಾಗಾ ಪಡೆ ನೀರಲ್ಲಿ ಹೋಗಬಲ್ಲದು, ನಾನೂ ಬರ್ತೀನಿ ಅಂತಾನೆ. ಮುಂದಿನ ಮಿಷನ್‌ನಲ್ಲಿ ಅಣ್ಣತಮ್ಮ ಇಬ್ಬರೂ ನಮ್ಮ ಕೈಲಿ. ಇಲ್ಲಿಡನ್ ಶವಸೈನ್ಯ ಸೀಳ್ಕೊಂಡು ಅವಳ ತನಕ ಹೋಗಿ, ಕರ್ಕೊಂಡು ಬಂದು ಒಪ್ಪಿಸಬೇಕು. ಯಾರಿಗೆ? ಅಣ್ಣನಿಗೆ! ಒಪ್ಪಿಸ್ತಾನೆ. ಏನೂ ಕೇಳಲ್ಲ. ಪೋರ್ಟಲ್ ತೆಗೆದು ಔಟ್‌ಲ್ಯಾಂಡ್ ಅನ್ನೋ ಬೇರೆ ಲೋಕಕ್ಕೆ ಹೋಗ್ತಾನೆ.

ಕಿಲ್‌ಜೇಡನ್ ಕೆಲಸ ಕೆಟ್ಟಿದೆ, ಶಿಕ್ಷೆ ಖಂಡಿತ ಅಂತ ಗೊತ್ತಿದ್ದೂ ಆ ಹೊತ್ತಲ್ಲಿ ಅವಳನ್ನ ಹುಡುಕೋಕೆ ಹೋದವನ ಮೇಲೆ 'ಹಟ' ಅನ್ನೋ ಪದ ನಿಲ್ಲಲ್ಲ.

ರಾತ್ರಿಪಾಳಿ
ಆ ಮಿಷನ್‌ಗೆ ಇನ್ನೂ ಬಂದಿಲ್ಲ ನಾನು. ಪರವಾಗಿಲ್ಲ, ನಾನೇ ಸ್ಪಾಯ್ಲರ್ ಹೇಳಿ ಅಂದಿದ್ದು.

ಸಂಜೆಮಲ್ಲಿಗೆ
ಆ ಒಂದು ಮಿಷನ್‌ಗೆ ಅವನಿಗೆ ಪೂರ್ತಿ ಅಂಕ ಕೊಡ್ತೀನಿ. ಅವಳನ್ನ ಹೊತ್ತುಕೊಂಡು ಹೋಗೋ ಅವಕಾಶ ಇತ್ತು, ಹೋಗಲಿಲ್ಲ. ನೋಡಿ, ಬಿಟ್ಟಾಗ ಮಾತ್ರ ಪ್ರೀತಿ ಥರ ಕಾಣುತ್ತೆ.

ಲ್ಯಾಡರ್_ಲಿಂಗ
ಇನ್ನೊಂದು ತಮಾಷೆ ಗೊತ್ತಾ? ಅಣ್ಣ ಆ ಮಂತ್ರ ತಡೀದೇ ಇದ್ದಿದ್ದರೆ ಲಿಚ್ ಕಿಂಗ್ ಅಲ್ಲೇ ಮುಗೀತಿದ್ದ. ಆರ್ಥಸ್ ಸಿಂಹಾಸನ ಹತ್ತೋ ಪ್ರಶ್ನೆನೇ ಬರ್ತಿರಲಿಲ್ಲ. ನಾರ್ತ್‌ರೆಂಡ್ ಬಿರಿದು ಭೂಮಿ ಹಾಳಾಗ್ತಿತ್ತು ಅನ್ನೋದು ಮಾಲ್ಫ್ಯೂರಿಯನ್ ಕಾರಣ, ಅದೂ ಸರಿನೇ. ಆದರೆ ಇಲ್ಲಿಡನ್ ಹಣೆಬರಹ ನೋಡಿ, ಕೈ ಹಾಕಿದ ಒಳ್ಳೆ ಕೆಲಸನೂ ಕೆಟ್ಟ ದಾರಿಯಲ್ಲೇ ಮಾಡ್ತಾನೆ, ಅರ್ಧಕ್ಕೆ ನಿಲ್ಲುತ್ತೆ.

ಹಾಸ್ಟೆಲ್_ಲ್ಯಾನ್
ನೀವೆಲ್ಲ ಕಥೆ ಗೊತ್ತಿರೋರು ಸ್ವಾಮಿ. ನಮಗೆ ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಇಲ್ಲಿಡನ್ ಅಂದರೆ ಡೋಟಾ, ವಾರ್‌ಕ್ರಾಫ್ಟ್ 3ರ ಮೇಲೇ ಕಟ್ಟಿದ ಟೀಮ್ ಆಟ. ಲ್ಯಾನ್ ಕೇಬಲ್ ಕಿಟಕಿಯಿಂದ ಕಿಟಕಿಗೆ ಎಳೆದು ರಾತ್ರಿಯೆಲ್ಲ ಆಡ್ತಿದ್ವಿ. ಅದರ ಹೀರೋ ಆಂಟಿ-ಮೇಜ್‌ಗೆ ಡೀಮನ್ ಹಂಟರ್ ಮಾಡೆಲ್, ಟೆರರ್‌ಬ್ಲೇಡ್‌ಗೆ ಈ ಕೊಂಬು ರೆಕ್ಕೆ ಇರೋ ಮಾಡೆಲ್. ಟಿರಾಂಡೆ ಅಂದರೆ ಹುಲಿ ಮೇಲೆ ಕೂತು ಬಾಣ ಬಿಡೋ ಮಿರಾನಾ, ಅಷ್ಟೇ ಗೊತ್ತಿದ್ದದ್ದು. ನನ್ನ ರೂಮ್‌ಮೇಟ್ ಮಿರಾನಾ ತಗೊಂಡು ನನ್ನ ಆಂಟಿ-ಮೇಜ್‌ಗೆ ಅರ್ಧ ಮ್ಯಾಪಿನಿಂದ ಬಾಣ ಹೊಡೀತಿದ್ದ. ಈಗ ಓದ್ತಿದ್ದರೆ ಅದಕ್ಕೂ ಏನೋ ಅರ್ಥ ಇತ್ತು ಅನ್ಸುತ್ತೆ.

ಕೆಫೆ_ಕಿಟ್ಟಿ
ಆಂಟಿ-ಮೇಜ್ ತಗೊಂಡು ನಲವತ್ತು ನಿಮಿಷ ಕಾಡಲ್ಲಿ ಫಾರ್ಮ್ ಮಾಡ್ತಾ ಟೀಮ್ ಸೋಲಿಸಿದ ಪಾಪಿಗಳಲ್ಲಿ ನೀನೂ ಒಬ್ಬನಾ? ಹೆಸರು ಹೇಳು, ಎಲ್ಲೋ ನೋಡಿದ ಹಾಗಿದೆ.

ಹಾಸ್ಟೆಲ್_ಲ್ಯಾನ್
ಬ್ಯಾಟಲ್‌ಫ್ಯೂರಿ ಕೊಡಲಿ ಬಂದ್ಮೇಲೆ ಬರ್ತೀನಿ ಅಂದಿದ್ದೆ, ನೀವೇ ಕಾಯಲಿಲ್ಲ.

ಮುಸ್ಸಂಜೆ_ಎಂಜಿನಿಯರ್
ಥ್ರೆಡ್ ಡೋಟಾ ಕಡೆ ಹೋಗೋ ಮುಂಚೆ ಯಾರಾದರೂ ವಾವ್ ಭಾಗ ಹೇಳಿ. ತಿಂಗಳಿಗೆ 15 ಡಾಲರ್ ಕಟ್ಟೋ ಆಟ ಅಂತ ನಾನು ಆ ಕಡೆ ತಲೆ ಹಾಕಲಿಲ್ಲ.

ಡಬ್ಲಿನ್_ದೊಡ್ಡಪ್ಪ
ನಾನು ಹೇಳ್ತೀನಿ. ಯುರೋಪ್ ಸರ್ವರ್‌ನಲ್ಲಿ ಬರ್ನಿಂಗ್ ಕ್ರುಸೇಡ್ ಅನ್ನೋ ಎಕ್ಸ್‌ಪ್ಯಾನ್ಷನ್ ಕಾಲದಿಂದ ಆಡ್ತಿದ್ದೀನಿ. 2007ರ ಜನವರಿಯಲ್ಲಿ ಬಂತು, ಮೇ ತಿಂಗಳ ಪ್ಯಾಚ್‌ನಲ್ಲಿ ಬ್ಲ್ಯಾಕ್ ಟೆಂಪಲ್, ಅಂದರೆ ಇಲ್ಲಿಡನ್ ಕೋಟೆ, ತೆರೆದರು. 25 ಜನ ಸೇರಿ ಒಬ್ಬ ಇಲ್ಲಿಡನ್‌ನ ಹೊಡೀಬೇಕು. ಕಾದಾಟ ಶುರುವಾದ ತಕ್ಷಣ ನಿಮ್ಮ ತಯಾರಿ ಸಾಲದು ಅಂತ ಗುಡುಗ್ತಾನೆ, ಆ ಡೈಲಾಗ್ ಎಲ್ಲರಿಗೂ ಬಾಯಿಪಾಠ. ಆಗಿನಿಂದ ದನಿ ಲಿಯಾಮ್ ಓಬ್ರಯನ್‌ದು. ಐದು ಹಂತದ ಕಾದಾಟ. ಮಧ್ಯ ಅವನು ಮೇಲಕ್ಕೆ ಹಾರಿ ಎರಡು ಖಡ್ಗ ನೆಲಕ್ಕೆ ನೆಡ್ತಾನೆ, ಅವುಗಳಿಂದ ಬೆಂಕಿ ಭೂತಗಳು ಏಳ್ತವೆ. ಅವನ್ನ ಹಿಡಿದಿರೋ ಟ್ಯಾಂಕ್ (ಏಟು ತಡೆಯೋ ಆಟಗಾರ) ಕತ್ತಿಯಿಂದ ಒಂದಷ್ಟು ದೂರ ಜಾಸ್ತಿ ಹೋದ ಅಂದರೆ ಇಡೀ ರೇಡ್ ತಂಡ ಬೂದಿ. ನಮ್ಮ ಗಿಲ್ಡ್‌ನಲ್ಲಿ ಅಲ್ಲೇ ಜಗಳ ಆಗಿ ಎರಡು ಪಂಗಡ ಆಯ್ತು.

ಕಥೆಗೆ ಬಂದರೆ, ಆ ಎಕ್ಸ್‌ಪ್ಯಾನ್ಷನ್‌ನಲ್ಲಿ ಅವನನ್ನ ಬರೀ ತಲೆಕೆಟ್ಟ ರಾಜ ಮಾಡಿಟ್ಟರು. ಟಿರಾಂಡೆ ಸುದ್ದಿಯೇ ಇಲ್ಲ. ಕೊನೇ ಹಂತದಲ್ಲಿ ಬರೋಳು ಮೇಯೆವ್. ಸಾಯುವಾಗ ಅವನು ಮೇಯೆವ್‌ಗೇ ಹೇಳ್ತಾನೆ: ಗೆದ್ದೆ, ಆದರೆ ಬೇಟೆ ಇಲ್ಲದೆ ಬೇಟೆಗಾತಿ ಏನೂ ಅಲ್ಲ, ನಾನಿಲ್ಲದೆ ನೀನು ಏನೂ ಅಲ್ಲ ಅಂತ. ಅವಳು ನಿಂತು ಯೋಚಿಸ್ತಾಳೆ, ನಿಜ ಅಂತ ಅವಳಿಗೂ ಅನ್ಸುತ್ತೆ.

ಅದಕ್ಕೇ ನನ್ನ ಪ್ರಕಾರ ಟಿರಾಂಡೆ, ಇಲ್ಲಿಡನ್ ಜೋಡಿನೇ ಅಲ್ಲ. ಹತ್ತು ಸಾವಿರ ವರ್ಷ ಅವನ ಪಕ್ಕದಲ್ಲಿ ಇದ್ದವಳು, ಅವನ ಉಸಿರು ಎಣಿಸಿದವಳು, ಅವನಿಗಾಗಿ ಲೋಕ ದಾಟಿ ಬಂದವಳು ಮೇಯೆವ್. ಅವಳದ್ದು ದ್ವೇಷ ಅಂತೀರಿ. ಅಷ್ಟು ನಿಷ್ಠೆ ಯಾವ ಪ್ರೀತಿಯಲ್ಲಿದೆ ತೋರಿಸಿ.

ಹುಬ್ಬಳ್ಳಿ_ಗಿರ್ಮಿಟ್
ದೊಡ್ಡಪ್ಪಾರ, ನೀವು ಈ ಥ್ರೆಡ್ಡಿಗೆ ಬೆಂಕಿ ಹಚ್ಚಿದ್ರಿ.

ಸಂಜೆಮಲ್ಲಿಗೆ
ಜೈಲರ್ ಮತ್ತು ಖೈದಿಯನ್ನ ಜೋಡಿ ಮಾಡೋದು ಬೇರೆ ಬಾಕಿ ಇತ್ತು. ಆದರೆ ದೊಡ್ಡಪ್ಪ, ಮೇಯೆವ್ ಬಗ್ಗೆ ಹೇಳಿದ್ದು ಪೂರ್ತಿ ತಳ್ಳಿಹಾಕಲ್ಲ. ಅವನು ಅಣ್ಣನ ಎದುರು ಗೆಲ್ಲೋಕೆ ಬದುಕಿದ, ಇವಳು ಅವನ ಎದುರು ಗೆಲ್ಲೋಕೆ ಬದುಕಿದಳು.

ಲೋರ್_ಮಾಸ್ತರ
ಬರ್ನಿಂಗ್ ಕ್ರುಸೇಡ್ ಕಥೆಗೆ ಲೀಜನ್ ಎಕ್ಸ್‌ಪ್ಯಾನ್ಷನ್‌ನಲ್ಲಿ ಪ್ರಾಯಶ್ಚಿತ್ತ ಆಯ್ತಲ್ಲ. ಅವನು ಔಟ್‌ಲ್ಯಾಂಡ್‌ನಲ್ಲಿ ಕೂತು ಮಾಡ್ತಿದ್ದದ್ದೆಲ್ಲ ಲೀಜನ್ ವಿರುದ್ಧದ ತಯಾರಿ ಅಂತ. ಡೀಮನ್ ಹಂಟರ್ ಕ್ಲಾಸೂ ಬಂತು.

ಡಬ್ಲಿನ್_ದೊಡ್ಡಪ್ಪ
ಪ್ರಾಯಶ್ಚಿತ್ತ ಅಲ್ಲ ಮಾಸ್ತರೇ, ತೇಪೆ. ಮಾರಾಟ ಆಗೋ ಮುಖ ಅಂತ ಗೊತ್ತಾದ ಮೇಲೆ ಮೇಲಿಂದ ಬಣ್ಣ ಬಳಿದದ್ದು. ಕೊಂದವನನ್ನೇ ಎಬ್ಬಿಸಿ 'ಅವನೇ ಸರಿ ಇದ್ದ' ಅಂದರೆ, ಆವತ್ತು ರಾತ್ರಿಯೆಲ್ಲ ಕೂತು ಅವನನ್ನ ಹೊಡೆದ 25 ಜನ ನಾವೇನು ಮಂಗಗಳಾ?

ಲೋರ್_ಮಾಸ್ತರ
2003ರಲ್ಲೇ ಅವನು ಮ್ಯಾಗ್ತೆರಿಡಾನ್ ಅನ್ನೋ ರಾಕ್ಷಸನಿಂದ ಬ್ಲ್ಯಾಕ್ ಟೆಂಪಲ್ ಕಿತ್ಕೊಂಡು ಲೀಜನ್‌ನ ಪೋರ್ಟಲ್‌ಗಳನ್ನ ಮುಚ್ಚಿದ್ದು ಆಟದಲ್ಲೇ ಇದೆ. ತೇಪೆ ಅಂದರೆ ನಾನು ಒಪ್ಪಲ್ಲ. ಮಧ್ಯದಲ್ಲಿ ಹರಿದದ್ದು 2007ರವರು.

ಡಬ್ಲಿನ್_ದೊಡ್ಡಪ್ಪ
ಕಿಲ್‌ಜೇಡನ್‌ಗೆ ಹೆದರಿ ಮುಚ್ಚಿದ್ದು. ಅವನು ಬಂದು ಗದರಿದ ತಕ್ಷಣ ಮತ್ತೆ ಐಸ್‌ಕ್ರೌನ್‌ಗೆ ಓಡಿ ಆರ್ಥಸ್ ಕೈಲಿ ಏಟು ತಿಂದ.

ಲೋರ್_ಮಾಸ್ತರ
ಹೆದರಿಕೆ, ಯೋಜನೆ ಎರಡೂ ಒಟ್ಟಿಗೆ ಇರಬಾರದಾ?

ಮುಸ್ಸಂಜೆ_ಎಂಜಿನಿಯರ್
ಲೀಜನ್ ಕೊನೆಯಲ್ಲಿ ಅವನಿಗೆ ಏನಾಗುತ್ತೆ?

ಲ್ಯಾಡರ್_ಲಿಂಗ
ಎರಡು ದೃಶ್ಯ ಸಾಕು. ಒಂದು: ಝೀರಾ ಅನ್ನೋ ಬೆಳಕಿನ ಜೀವಿ, ನಾರು ಜಾತಿ, ಅವನೇ ಭವಿಷ್ಯವಾಣಿಯ ವೀರ ಅಂತ ಹೇಳಿ, ರಾಕ್ಷಸತನ ತೊಳೆದು ಕಣ್ಣು ವಾಪಸ್ ಕೊಡ್ತೀನಿ ಅಂತಾಳೆ. ಅವನು ಬೇಡ ಅಂತಾನೆ. ಕಟ್ಟಿ ಹಾಕಿ ಬಲವಂತ ಮಾಡೋಕೆ ಹೋದಾಗ ಅವಳನ್ನ ಚೂರುಚೂರು ಮಾಡ್ತಾನೆ. ನನ್ನ ಗಾಯಗಳೇ ನಾನು ಅನ್ನೋ ಧಾಟಿ. ಎರಡು: ಕೊನೆಗೆ ಸಾರ್ಗೆರಸ್‌ನ ಸೆರೆ ಹಾಕಿದಾಗ ಕಾವಲಿಗೆ ಒಬ್ಬ ಬೇಕು, ಇವನು ತಾನಾಗೇ ಅಲ್ಲಿ ಉಳೀತಾನೆ. ಸೆರೆಯಲ್ಲಿ ಇದ್ದವನು ಈಗ ಜೈಲರ್.

ಸಂಜೆಮಲ್ಲಿಗೆ
ಝೀರಾ ದೃಶ್ಯದ ಬಗ್ಗೆ ಹೇಳಲೇಬೇಕು. 'ನಿನ್ನ ಒಳ್ಳೇದಕ್ಕೇ, ನೀನು ನನಗೆ ಬೇಕಾದ ಹಾಗೆ ಆಗು' ಅಂತ ಬಲವಂತ ಮಾಡಿಸ್ಕೊಳ್ಳೋದು ಹೇಗಿರುತ್ತೆ ಅಂತ ಅವನಿಗೆ ಆವತ್ತು ಗೊತ್ತಾಯ್ತು. ಬೇಡ ಅಂದರೆ ಬೇಡ. ಆ ಒಂದು ಕ್ಷಣದಲ್ಲಿ ನಾನು ಪೂರ್ತಿ ಅವನ ಪಕ್ಷ.

ಕನ್ನಡ_ಎಂಎ
ತಮ್ಮನಿಗೆ ಈ ಥ್ರೆಡ್ ತೋರಿಸಿದೆ. 'ಅಕ್ಕ, ನೀನು ಲ್ಯಾಪ್‌ಟಾಪ್ ಬಿಟ್ಟರೆ ನಾನು ಆಡ್ತೀನಿ' ಅಂದ.

ಕುಡ್ಲದ_ಕೋಸ್ಟಲ್
ಈಗ ಹೊಸದಾಗಿ ಆಡ್ಲಿಕ್ಕೆ ಯಾವುದು ಒಳ್ಳೇದು? 2020ರ ರಿಫೋರ್ಜ್ಡ್ (ಅದೇ ಆಟದ ಹೊಸ ರೂಪ) ಬಗ್ಗೆ ಜನ ಬಾಯಿಗೆ ಬಂದ ಹಾಗೆ ಬೈತಾರೆ.

ಲ್ಯಾಡರ್_ಲಿಂಗ
ಕಥೆಗೆ ಅಂದರೆ ರಿಫೋರ್ಜ್ಡ್ ಸಾಕು, ಕ್ಲಾಸಿಕ್ ಗ್ರಾಫಿಕ್ಸ್ ಆನ್ ಮಾಡ್ಕೊಂಡು ಆಡಿ. ಮೊದಲು ಮೂಲ ಆಟ ರೇನ್ ಆಫ್ ಕೇಯಾಸ್, ಆಮೇಲೆ ಫ್ರೋಜನ್ ಥ್ರೋನ್. ನೇರ ಇಲ್ಲಿಡನ್ ಭಾಗಕ್ಕೆ ಹಾರಬೇಡಿ, ಆರ್ಥಸ್ ಕಥೆ ಗೊತ್ತಿಲ್ಲದೆ ಅರ್ಧ ಅರ್ಥ ಆಗಲ್ಲ.

ರಾತ್ರಿಪಾಳಿ
ನಿಮ್ಮ ಮಾತು ಕೇಳಿ ವಾರಾಂತ್ಯಕ್ಕೆ ಫ್ರೋಜನ್ ಥ್ರೋನ್ ಕೊನೇ ಮಿಷನ್ ತನಕ ಬಂದೆ. ಆರ್ಥಸ್ ಕಡೆಯಿಂದ ಆಡಿ ಇಲ್ಲಿಡನ್‌ನ ಸೋಲಿಸಬೇಕು. ನಾಲ್ಕು ಓಬೆಲಿಸ್ಕ್ (ಕಲ್ಲುಕಂಬ) ಹಿಡೀಬೇಕಂತೆ. ಮೂರು ಹಿಡಿಯೋ ಅಷ್ಟರಲ್ಲಿ ಮೊದಲನೇದು ನಾಗಾಗಳ ಪಾಲು. ಏನಾದರೂ ಉಪಾಯ?

ಲ್ಯಾಡರ್_ಲಿಂಗ
ಸೈನ್ಯ ಹಂಚಬೇಡ. ಮೊದಲು ಹತ್ತಿರದ ಎರಡನ್ನ ಹಿಡಿದು ಪಕ್ಕದಲ್ಲೇ ಸ್ಪಿರಿಟ್ ಟವರ್ ಕಟ್ಟು, ಆಮೇಲೆ ಒಂದೊಂದಾಗಿ ಮುಂದೆ ಹೋಗು. ಇಲ್ಲಿಡನ್ ತಾನೇ ಬಂದರೆ ಆರ್ಥಸ್, ಅನೂಬರಾಕ್ ಇಬ್ಬರೂ ಒಟ್ಟಿಗೆ ಇರಲಿ.

ಹುಬ್ಬಳ್ಳಿ_ಗಿರ್ಮಿಟ್
ಅಂವನ್ನ ಹೊಡ್ಯಾಕ ಹೆಂಗರ ಮನಸ್ಸ ಬರ್ತೈತಿ ನಿಮಗ?

ರಾತ್ರಿಪಾಳಿ
ಬರ್ತಿಲ್ಲ, ಅದಕ್ಕೇ ಸೋಲ್ತಿರೋದು ಅನ್ಸುತ್ತೆ.

ಕೆಫೆ_ಕಿಟ್ಟಿ
ಅದಕ್ಕಲ್ಲ ಗುರು, ಟವರ್ ಕಟ್ಟಿಲ್ಲ ಅದಕ್ಕೆ.